ಪುಷ್ಪಕ್ಕ ಮತ್ತು ವ್ಯಾನಿನ ಮುಂದಿನ ಸೀಟು

ಕೊತ್ತತ್ತಿಯ ನಾಲೆ ಏರಿಯ ಮೇಲೆ ಇನ್ನೂ ಮಬ್ಬು. ಮಂಡ್ಯದ ಕಲಿಕಾ ಕೇಂದ್ರವೊಂದರ ವ್ಯಾನು ಬಂದು ನಿಂತಿದೆ. ಡ್ರೈವರ್ ಚಿಕ್ಕಬೋರಯ್ಯ ಹಾರನ್ ಹೊಡೆಯುವುದಿಲ್ಲ. ಹಿಂದಿನ ಸೀಟಿನಲ್ಲಿ ಕೇಂದ್ರದಲ್ಲಿ ಅಡುಗೆ ಮಾಡುವ ಮಲ್ಲಿಗಮ್ಮ, ಪಕ್ಕದಲ್ಲಿ ಪುಷ್ಪಾ. ಮೂವರ ಕಣ್ಣೂ ಒಂದೇ ಗಲ್ಲಿಯ ಮೇಲೆ. ಹತ್ತನೇ ತರಗತಿಯ ನಯನ ಪಾಠ ಬಿಟ್ಟು ತಿಂಗಳಾಯಿತು. ಇವತ್ತು ಬರುತ್ತಾಳೋ ಇಲ್ಲವೋ!

ಐವತ್ತು ದಾಟಿದ ಪುಷ್ಪಾ ಮದ್ದೂರಿನವರು. ಅವರ ಕೆಲಸಕ್ಕೆ ಹೆಸರಿಡುವುದೇ ಕಷ್ಟ. ಊಟ ಹಾಕುವ, ಪಾಠ ಹೇಳುವ, ಮುದುಕರನ್ನು ಸಾಕುವ ಸಣ್ಣಪುಟ್ಟ ಸೇವಾಸಂಸ್ಥೆಗಳ ಜೊತೆಗಿದ್ದು, ನೆರವಿಗೆ ಬಂದವರಿಗೆ ನೆರವು ಕೊಡುವವರಿಂದಲೇ ತೊಂದರೆಯಾಗದಂತೆ ನೋಡಿಕೊಳ್ಳುವುದನ್ನು ಕಲಿಸುತ್ತಾರೆ. ಬೇಲಿಯೇ ಎದ್ದು ಹೊಲ ಮೇಯದ ಹಾಗೆ ಕಾಯುವ ಕೆಲಸ ಅನ್ನಿ. ಇವತ್ತು ಮಳವಳ್ಳಿ, ನಾಳೆ ಬಸರಾಳು. ದಿನಕ್ಕೆ ಎರಡು ಮೂರು ಬಸ್ಸು. ಬಾಯ್ತುಂಬ 'ಬನ್ನಿ' ಅಂದವರೇ ಬಂದ ವಿಷಯ ತಿಳಿದ ಮೇಲೆ ಒಂದು ಲೋಟ ಕಾಫಿಗೂ ಕರೆಯುವುದಿಲ್ಲ.

ಹಿಂದೆ ಅವರು ಮಕ್ಕಳ ಆಶ್ರಮವೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಮೇಲ್ವಿಚಾರಕ ಮಕ್ಕಳಿಗೆ ಬಾಸುಂಡೆ ಬರುವಂತೆ ಹೊಡೆದದ್ದು ಕಂಡು ಬಾಯಿಬಿಟ್ಟರು. ಅವನ ಕೆಲಸ ಹೋಗುವ ಮೊದಲು ಇವರದೇ ಹೋಯಿತು. "ಕೆಲ್ಸ ವೋಗಿದ್ದಕ್ಕೆ ಬ್ಯಾಸರ ಇಲ್ಲ ಕಣಪ್ಪ. ದಿನಾ ನನ್ ಕೈಲಿ ಉಂಡ ಮಕ್ಳು, ಒಬ್ರೂ ನನ್ ತಾವ ಏಳ್ಕಳ್ನಿಲ್ವಲ್ಲ. ಅದು ಇವತ್ಗೂ ಕೊರೀತದೆ" ಎನ್ನುತ್ತಾರೆ. ಆಮೇಲೆ ಮಂಡ್ಯದಲ್ಲಿ ತರಬೇತಿ ಪಡೆದು ಈ ದಾರಿ ಹಿಡಿದರು.

ನಯನ ಏಕೆ ಬರುತ್ತಿಲ್ಲವೆಂದು ಕೇಂದ್ರದ ಮುಖ್ಯಸ್ಥ ರಘುನಂದನ್ ಅವರಿಗೆ ಗೊತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಏನೇ ಇದ್ದರೂ ನನಗೆ ಹೇಳಿ ಎಂದು ಮಕ್ಕಳಿಗೆ ವೇದಿಕೆ ಹತ್ತಿ, ಮೈಕು ಹಿಡಿದು ಹೇಳಿದ್ದರು. ಯಾವ ಮಗು ಹೇಳೀತು! ಪುಷ್ಪಾ ಮೂರ್ನಾಲ್ಕು ಸಲ ನಯನಳ ಮನೆಗೆ ಹೋದರು. ಒಂದು ದಿನ ಅವಳ ತಾಯಿ ಚಿಕ್ಕಲಕ್ಷ್ಮಮ್ಮನ ಜೊತೆ ಅವರೆಕಾಯಿ ಸುಲಿಯುತ್ತಾ ಕೂತರು. ಕಾಯಿ ಮುಗಿಯುವ ಹೊತ್ತಿಗೆ ವಿಷಯ ಹೊರಬಂತು.

ಎಲ್ಲರಿಗಿಂತ ದೂರದಿಂದ ಬರುವ ಹುಡುಗಿ ಎಂದು ಕೇಂದ್ರದವರು ನಯನಳಿಗೆ ಡ್ರೈವರ್ ಪಕ್ಕದ ಸೀಟು ಕೊಟ್ಟಿದ್ದರು. ಅದೊಂದು ಮರ್ಯಾದೆ. ಆದರೆ ಮುಂದಿನ ಊರಿನ ಮಕ್ಕಳು ಹತ್ತುವವರೆಗೆ ಕತ್ತಲಲ್ಲಿ ಅವಳೊಬ್ಬಳೇ. ಚಿಕ್ಕಬೋರಯ್ಯ ತಪ್ಪು ಮಾಡಿದವನಲ್ಲ. ಆದರೂ ಹುಡುಗಿಗೆ ಮುಜುಗರ, ಊರಬಾಯಿಗೆ ಮುಚ್ಚಳವಿಲ್ಲ. ಕರೆದು ಕೊಟ್ಟ ಮರ್ಯಾದೆಯನ್ನು ಬೇಡ ಅನ್ನುವುದು ಹೇಗೆ? ಪಾಠವನ್ನೇ ಬಿಟ್ಟಳು.

ಹುಡುಗಿ ವ್ಯಾನಿನಲ್ಲಿ ಒಬ್ಬಳೇ ಬರುವಂತಾಗಬಾರದು ಎಂದು ಪುಷ್ಪಾ ಹೇಳಿದಾಗ, ನಮ್ಮ ಡ್ರೈವರ್ ಮೇಲೆ ಅನುಮಾನವೇ ಎಂದು ರಘುನಂದನ್ ಸಿಡುಕಿದರು. "ಅನುಮಾನ ಅಲ್ಲ ಸಾ. ಬಾವೀಗೆ ಕಟ್ಟೆ ಕಟ್ಟೋದು ಬಾವಿ ಕೆಟ್ಟದ್ದು ಅಂತಲ್ವಲ್ಲ" ಎಂದರು ಪುಷ್ಪಾ. ಚಿಕ್ಕಬೋರಯ್ಯನಿಗೂ ನೋವಾಯಿತು, ಆ ದಿನ ತಿಂಡಿ ಮುಟ್ಟಲಿಲ್ಲ. ನಿಮಗೆ ಬೇಜಾರಾದರೆ ಯಾರ ಹತ್ತಿರ ಹೇಳುತ್ತೀರಿ ಎಂದು ಪುಷ್ಪಾ ಮಕ್ಕಳನ್ನು ಕೇಳಿದಾಗ ಎಲ್ಲರೂ ಅಡುಗೆಮನೆಯತ್ತ ಕೈ ತೋರಿಸಿದರು. ಅದನ್ನು ನೋಡಿ, ಮಲ್ಲಿಗಮ್ಮನನ್ನೇ ಮೊದಲು ಹತ್ತಿಸಿಕೊಂಡು ಬರುತ್ತೇನೆ ಎಂದವನು ಚಿಕ್ಕಬೋರಯ್ಯನೇ. ಪುಷ್ಪಾ ಅದನ್ನು ಮೊದಲೇ ಯೋಚಿಸಿದ್ದರು, ಹೇಳಿರಲಿಲ್ಲ. "ನಾನ್ ಏಳುದ್ರೆ ನನ್ ಇಂದೇನೆ ವೊಂಟೋಯ್ತದೆ. ಅವ್ರೇ ಏಳುದ್ರೆ ಅಲ್ಲೇ ಉಳೀತದೆ."

ಗಲ್ಲಿಯ ತುದಿಯಲ್ಲಿ ಬ್ಯಾಗು ಕಾಣಿಸುತ್ತದೆ. ನಯನ ಓಡಿ ಬರುತ್ತಾಳೆ, ಮುಂದಿನ ಸೀಟಿನತ್ತ ತಿರುಗಿಯೂ ನೋಡದೆ ಮಲ್ಲಿಗಮ್ಮನಿಗೆ ಅಂಟಿ ಕೂರುತ್ತಾಳೆ. ದಾರಿಯುದ್ದಕ್ಕೂ ಮಲ್ಲಿಗಮ್ಮನ ಕಿವಿಯಲ್ಲಿ ಏನೋ ಪಿಸುಮಾತು.

ಮಂಡ್ಯದಲ್ಲಿ ಮಕ್ಕಳು ಇಳಿದ ಮೇಲೆ ಮಲ್ಲಿಗಮ್ಮ ಸಂಕೋಚಪಡುತ್ತಾ ಬಾಯಿ ತೆರೆಯುತ್ತಾಳೆ. ಹೇಳೆಂದು ನಯನಳೇ ಹೇಳಿದ್ದಾಳಂತೆ: ಪುಷ್ಪಕ್ಕ ಮೇಲಿಂದ ಮೇಲೆ ಮನೆಗೆ ಬಂದದ್ದರಿಂದ ಬೀದಿಯವರೆಲ್ಲ ಏನಾಯಿತು ಏನಾಯಿತು ಎಂದು ಕೇಳುತ್ತಿದ್ದಾರೆ, ಇನ್ನು ಅವರು ಬರುವುದು ಬೇಡ.

ಪುಷ್ಪಾ ಒಂದು ಗಳಿಗೆ ಪೆಚ್ಚಾಗುತ್ತಾರೆ. ಆಮೇಲೆ ಮುಖ ಅರಳುತ್ತದೆ.

"ಮೊದಲ್ನೇ ದೂರು ನನ್ ಮ್ಯಾಲೇ ಏಳವ್ಳೆ. ಸರ್ಯಾಗೇ ಏಳವ್ಳೆ, ಇನ್ ನಾನ್ ಅವ್ರ್ ಮನೆ ತಾವ ವೋಗಾಕಿಲ್ಲ" ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಏಳಕ್ ಬಂತಲ್ಲ ಮಗೀಗೆ, ಅಷ್ಟು ಸಾಕು ಬುಡಿ."