ಹಿಂದಿನ ಸೀಟಿಗೊಂದು ಗೆರೆ

“ಅಲ್ಲಾ ಸಾರ್, ಇಷ್ಟು ದೊಡ್ಡ ಪೆಟ್ಟಿಗೆ ಕೂರ್ಸುದ್ರೆ ಅಕ್ಕಾರು ಎಲ್ಲಿ ಕೂತ್ಕತಾರೆ?”

ಹುಣಸೂರಿನ ವೆಲ್ಡಿಂಗ್ ಅಂಗಡಿಯ ಯಜಮಾನರು ಸೀಮೆಸುಣ್ಣ ಹಿಡಿದು ಕೇಳಿದರು. ಎಚ್.ಡಿ. ಕೋಟೆ ದಾರಿಯಾಗಿ ವಯನಾಡು ಸುತ್ತಲು ನಾನೊಬ್ಬನೇ ಹೋಗುವವನಿದ್ದೆ. ಬೈಕಿನ ಹಿಂದೆ ಕ್ಯಾರಿಯರ್ ಹಾಕಿ, ಅಂಗಡಿಯಲ್ಲಿದ್ದ ಎರಡು ಫೈಬರ್ ಪೆಟ್ಟಿಗೆಗಳಲ್ಲಿ ದೊಡ್ಡದನ್ನೇ ಕೂರಿಸಲು ಹೇಳಿದ್ದೆ. ಅದು ಅರ್ಧ ಸೀಟನ್ನು ನುಂಗುತ್ತಿತ್ತು. ಸಂತೆಗೆಂದು ಜೊತೆಗೆ ಬಂದಿದ್ದ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.

“ಅವರ್ನ ಏನ್ ಕೇಳ್ತೀರಣ್ಣ? ನಾನೇ ಕೂತು ತೋರುಸ್ತೀನಿ, ಗುರ್ತು ಹಾಕಿ” ಎಂದವಳೇ ಬೈಕ್ ಏರಿದಳು. ಮದುವೆಯಾದಂದಿನಿಂದ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುತ್ತಿದ್ದವಳು ಅಂದು ಸೀರೆ ಎತ್ತಿಕಟ್ಟಿ, ಎರಡೂ ಕಡೆ ಕಾಲು ಹಾಕಿ ಕೂತಳು. ಯಜಮಾನರು ಅವಳ ಬೆನ್ನ ಹಿಂದೆ ಗೆರೆ ಎಳೆದು ಚಿಕ್ಕ ಪೆಟ್ಟಿಗೆಯನ್ನು ಎತ್ತಿಕೊಂಡರು. “ಒರಗ್ಕಳಕ್ಕೂ ಆಯ್ತದೆ ಬುಡಿ ಅಕ್ಕಾ!” ಎಂದರು. ಅವಳು ನಕ್ಕ ನಗೆಗೆ ನಾವಿಬ್ಬರೂ ನಕ್ಕೆವು.

ವಯನಾಡಿಗೆ ಇಬ್ಬರೂ ಹೋಗಿಬಂದೆವು. ಅಷ್ಟು ಖುಷಿಯ ಪ್ರಯಾಣ ನಾನು ಮತ್ತೆ ಮಾಡಿಲ್ಲ. ಅವಳನ್ನು ಕರೆಯಬೇಕೆಂದು ನನಗೂ ಮನಸ್ಸಿತ್ತು ಎಂದು ಇಷ್ಟು ವರ್ಷಗಳ ಮೇಲೆ ನನ್ನ ನೆನಪು ಹೇಳುತ್ತದೆ. ನಾನು ಅದನ್ನು ನಂಬುವುದಿಲ್ಲ. ಅವಳ ಜಾಗ ಎಲ್ಲಿ ಎಂದು ಕೇಳಿದವರು ಆ ಯಜಮಾನರು.