ಚೆಂಡಿಯಾದಿಂದ ತಂದ ಬಾಗಿಲು

ದಾಯಾದಿಗಳು ತೆಂಗಿನ ತೋಟಕ್ಕಾಗಿ ಹಾಕಿದ ದಾವೆಗೆ ಅಮ್ಮ ಹಾಜರಾಗಲಿಲ್ಲವೆಂದು ತೀರ್ಪು ಅವರ ಪರವಾಗಿತ್ತು. ಹಾಜರಾಗುವುದೆಲ್ಲಿಂದ? ಸಮನ್ಸೇ ಬಂದಿರಲಿಲ್ಲ. ಅದನ್ನು ತರಬೇಕಾದ ಕೋರ್ಟಿನ ಅಮೀನ, ಚೆಂಡಿಯಾದ ನಮ್ಮ ಮನೆಬಾಗಿಲಿಗೆ ಅಂಟಿಸಿ ಬಂದೆನೆಂದು ಬರೆದುಕೊಟ್ಟಿದ್ದ. ಹಸಿ ಸುಳ್ಳು! ಆ ಜಾಗ ನೌಕಾನೆಲೆಗೆ ಹೋಗಿ, ಮನೆ ಕೆಡವಿ, ನಾವು ಅವರ್ಸಾಕ್ಕೆ ಬಂದು ನೆಲೆಸಿ ಎಷ್ಟೋ ವರ್ಷಗಳಾಗಿದ್ದವು.

ತೀರ್ಪು ರದ್ದು ಮಾಡಿರೆಂದು ಅರ್ಜಿ ಹಾಕಿದೆವು. ಕಟಕಟೆಯಲ್ಲಿ ನಿಂತ ಅಮ್ಮ ನ್ಯಾಯಾಧೀಶರಿಗೆ ಹೇಳಿದಳು: "ಸಾಹೇಬ್ರೆ, ಮನೆ ಕೆಡವುವಾಗ ಆ ಹಲಸಿನ ಬಾಗ್ಲು ನಾ ಕಿತ್ಕಂಡೇ ಬಂದೆ. ಈಗ ಅವರ್ಸಾದ ಮನೆಗೆ ಅದೆ. ಅವ ಅಂಟ್ಸದ್ದು ಯಾವ ಬಾಗ್ಲಿಗೆ?"

ಇವಳು ನನ್ನಮ್ಮ ಎನ್ನುವಂತೆ ನಾನು ಸುತ್ತಲೂ ನೋಡಿದೆ.

ತೀರ್ಪು ರದ್ದಾಯಿತು, ದಾವೆ ಮೊದಲಿನಿಂದ ನಡೆಯಬೇಕು. ಸಂಜೆ ಅಮ್ಮ ಬಾಗಿಲಿಗೆ ಎಣ್ಣೆ ತಿಕ್ಕುತ್ತ ಅಂದಳು: "ಈಗ ಬಂದ್ ಅಂಟ್ಸಲಿ, ನೋಡ್ವ."