ಅರ್ಧ ಕೌದಿ

ನೀಲಿ ಹಕ್ಕಿಯನ್ನು ಕೊಂದದ್ದು ನಾಶಿಕದ ಚಳಿಯಲ್ಲ, ನಾನು. ಮಗ ಎಲ್ಲರ ಮುಂದೆ ಚಳಿಯ ಹೆಸರು ಹೇಳುತ್ತಾನೆ, ಹೇಳಲಿ.

ಮಗನನ್ನು ಬ್ಯಾಂಕಿನವರು ಔರಂಗಾಬಾದಿನಿಂದ ಇಲ್ಲಿಗೆ ವರ್ಗ ಮಾಡಿದಾಗ ಮೊಮ್ಮಗಳು ಸುಧಾಳನ್ನು ನೋಡಿಕೊಳ್ಳಲು ನಾನು ಬಾಗಲಕೋಟೆಯಿಂದ ಬಂದೆ. ಪಂಚವಟಿಯ ವಾಡೆಯೊಂದರಲ್ಲಿ ಮನೆ. ವಾಡೆ ಎಂದರೆ ನಡುವೆ ಅಂಗಳ, ಸುತ್ತ ಬಾಡಿಗೆಯವರು. ನಮ್ಮೂರಲ್ಲಿ ಚಳಿ ಬಂದರೂ ಹೊತ್ತೇರಿದರೆ ಹೋಗುತ್ತದೆ. ಇಲ್ಲಿಯದು ಗೋದಾವರಿಯ ಕಡೆಯಿಂದ ಬಂದು ಮನೆಯೊಳಗೇ ಕೂರುತ್ತದೆ. ಆದರೂ ನನ್ನ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ನನ್ನವ್ವನ ಸೀರೆಗಳಿಂದ ಹೊಲಿದದ್ದು ಅದು. ಊರಿಗೆ ಹೋಗಿ ಹೊದೆಯೋಣ ಎಂದು ಇಟ್ಟಿದ್ದೆ.

ಸುಧಾ ಸಾಕಿದ್ದು ಎರಡು ಲವ್ ಬರ್ಡ್ಸ್, ಒಂದು ನೀಲಿ, ಒಂದು ಹಸಿರು. ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ ಎರಡೂ ಪುಕ್ಕ ಉಬ್ಬಿಸಿಕೊಂಡು ಮುದುರಿ ಕೂತಿದ್ದವು. ಐದು ಬಾಣಂತನ ಮಾಡಿದವಳು ನಾನು, ಯಾರನ್ನು ಕೇಳಲಿ? ಬಾಣಂತಿ ಕೋಣೆಗೆ ಮಾಡುವಂತೆ ಕಿಟಕಿ ಮುಚ್ಚಿ, ಸಂದಿಗೆ ಅರಿವೆ ತುರುಕಿ, ಪಂಜರದ ಕೆಳಗೆ ಇದ್ದಿಲ ಶಗಡಿ ಇಟ್ಟು, ಕೆಂಡದ ಮೇಲೆ ಲೋಬಾನದ ಧೂಪ ಹಾಕಿದೆ. ಬಾಗಿಲು ಎಳೆದುಕೊಂಡು ರೊಟ್ಟಿ ಬಡಿಯಲು ಹೋದೆ.

ಸುಧಾ ಚೀರಿದಳು. “ಆಜಿ, ಹಲತ್ ನಾಹೀ!” ಅಲುಗಾಡುತ್ತಿಲ್ಲ ಎಂದು. ನೀಲಿ ಹಕ್ಕಿ ಕೆಳಗೆ ಬಿದ್ದಿತ್ತು. ಹಸಿರು ಹಕ್ಕಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಎದುರುಮನೆಯ ಶಾಂತಾಬಾಯಿ ಓಡಿ ಬಂದಳು. ನದಿಯ ದಂಡೆಯಲ್ಲಿ ಹೂ ಮಾರುವವಳು, ಮನೆತುಂಬ ಹಕ್ಕಿ ಸಾಕಿದವಳು. ಅವಳ ಮಾತು ತಿಳಿಯದೆ ಮೂರು ತಿಂಗಳು ಮುಖ ತಿರುಗಿಸಿಕೊಂಡೇ ಓಡಾಡಿದ್ದೆ. ಅವಳು ಶಗಡಿಯನ್ನು ಕಾಲಿನಿಂದ ಅತ್ತ ತಳ್ಳಿ, ಪಂಜರವನ್ನು ಅಂಗಳಕ್ಕೆ ಒಯ್ದು, ನನ್ನತ್ತ ತಿರುಗಿ ಮರಾಠಿಯಲ್ಲಿ ಒಂದೇ ಸಮನೆ ಒದರಿದಳು.

“ಏನಂತಾಳ?” ಎಂದೆ.

ಸುಧಾ ಮೂಗು ಒರೆಸಿಕೊಂಡಳು. “ನಿನಗ ಬುದ್ಧಿ ಇಲ್ಲಂತ.”

“ಅಷ್ಟುದ್ದ ಮಾತಾಡಿದ್ಳು, ಇಷ್ಟ ಏನು?”

“ಉಳಿದದ್ದು ನಾ ಹೇಳೂದಿಲ್ಲ.”

ಬೈದದ್ದು ಸರಿಯೇ. ಆದರೆ ಆ ಹೆಂಗಸಿನ ಕೈ ನೋಡಬೇಕಿತ್ತು. ಹೊಗೆ ಹೋಗುವಷ್ಟು ಹೊತ್ತು ಬಯಲಲ್ಲಿಟ್ಟು, ಆಮೇಲೆ ಪಂಜರವನ್ನು ನಮ್ಮ ಮನೆಯ ಒಳಗೋಡೆಗೆ ಒರಗಿಸಿ, ಮೂರು ಬದಿಗೆ ತಾನು ಹೊದ್ದಿದ್ದ ಶಾಲು ಸುತ್ತಿದಳು. ಮುಂದಿನ ಬದಿ ತೆರೆದೇ ಬಿಟ್ಟಳು. ಅವಳ ಕೈ ನೋಡಿಯೇ ಅರ್ಥವಾಯಿತು: ಹಕ್ಕಿಗೆ ಉಸಿರಾಡಲು ಗಾಳಿ ಬೇಕು, ಮೈಗೆ ಬಡಿಯುವ ಗಾಳಿ ಬೇಡ, ಶಗಡಿಯ ಹೊಗೆ ಬೇಡವೇ ಬೇಡ. ಉಗುರುಬೆಚ್ಚಗಿನ ನೀರು, ಒಂದು ಹಿಡಿ ಕಾಳು. ಅಂದು ಹೂ ಮಾರಲು ಹೋಗಲಿಲ್ಲ ಅವಳು. ನಾನು ಕೊಟ್ಟ ರೊಟ್ಟಿಯನ್ನೂ ಪಂಜರದ ಪಕ್ಕದಲ್ಲೇ ತಿಂದಳು. “ಕಡಕ್ ಆಹೇ,” ಎಂದು ಹಲ್ಲು ಮುಟ್ಟಿಕೊಂಡು ನಕ್ಕಳು. ಅವಳ ಮಾತಿನಲ್ಲಿ ಅದೊಂದು ನನಗೆ ತಿಳಿಯಿತು.

ದೀಪ ಹಚ್ಚುವ ಹೊತ್ತಿಗೆ ಹಸಿರು ಹಕ್ಕಿ ಒಂದು ಕಾಳು ಒಡೆಯಿತು. ಸುಧಾ ಆ ರಾತ್ರಿ ನನ್ನ ಪಕ್ಕ ಬಿಟ್ಟು ಪಂಜರದ ಪಕ್ಕ ಮಲಗಿದಳು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದು ಕೌದಿಯನ್ನು ನಡುವೆ ಕತ್ತರಿಸಿದೆ. ಒಂದು ತುಂಡನ್ನು ಮಡಚಿ ಮತ್ತೆ ಪೆಟ್ಟಿಗೆಯಲ್ಲಿಟ್ಟೆ. ಇನ್ನೊಂದಕ್ಕೆ ಲಾಡಿ ಹೊಲಿದು ಪಂಜರದ ಮೂರು ಬದಿಗೆ ಕಟ್ಟಿ, ಶಾಂತಾಬಾಯಿಯ ಶಾಲನ್ನು ಮರಳಿಸಲು ಹೆಗಲಿಗೆ ಹಾಕಿಕೊಂಡು, ಅವಳ ಬಾಗಿಲು ತಟ್ಟಿದೆ.